ನಾಲ್ಕು ಕಂಪ್ಯೂಟರಿಗೆ ಒಂದೇ ನಕಲು

ನನ್ನ ಅಂಗಡಿಯ ಮೂರು ಕಂಪ್ಯೂಟರುಗಳನ್ನು ನಾನೇ ಕೈಯಾರೆ ಕೊಂದೆ. ಅದೂ ಗಿರಾಕಿಯ ಎದುರಿಗೆ!

ಸುಲ್ತಾನ್‌ಪೇಟೆಯಲ್ಲಿ ನನ್ನದು ಮದುವೆ ಕಾರ್ಡಿನ ಅಂಗಡಿ. ಐದು ಕಂಪ್ಯೂಟರ್. ಬೇರೆ ಬೇರೆ ಕಾಲದಲ್ಲಿ ಕೊಂಡದ್ದು, ಒಳಗಿನ ಸಾಮಾನೂ ಬೇರೆ ಬೇರೆ. ಒಂದರಲ್ಲಿ ಸರಿಯಾಗಿ ಕಾಣುವ ಒತ್ತಕ್ಷರ ಇನ್ನೊಂದರಲ್ಲಿ ಬರೀ ಚೌಕ. ಸಾಕಪ್ಪಾ ಅಂತ, ಹೊಸ ಮಷಿನ್ನಿನಲ್ಲಿ ಆಪರೇಟಿಂಗ್ ಸಿಸ್ಟಮ್ಮು, ಫಾಂಟು, ಡಿಸೈನ್ ಸಾಫ್ಟ್‌ವೇರು ಎಲ್ಲ ಚೊಕ್ಕಟವಾಗಿ ಹಾಕಿ, ಇಡೀ ಡಿಸ್ಕಿನ ನಕಲು ತೆಗೆದು (ಇಮೇಜ್ ಅಂತಾರೆ) ಉಳಿದ ನಾಲ್ಕಕ್ಕೂ ಸುರಿದೆ. ಒಂದು ಎದ್ದಿತು. ಮೂರು ನೀಲಿ ಪರದೆ ತೋರಿಸಿ ಮಲಗಿದವು.

ಮಲಗಿದ್ದರಲ್ಲಿ ಪ್ರಿಂಟರಿನ ಮಷಿನ್ನೂ ಒಂದು. ನಮ್ಮ ಹಳೇ ಪ್ರಿಂಟರಿನ ವೈರು ಕೂರುವುದು ಅದೊಂದಕ್ಕೇ.

ಎದುರಿಗಿದ್ದವರು ಮಾವಳ್ಳಿಯ ಶಾರದಮ್ಮ. ಮಗಳ ಮದುವೆ ಕಾರ್ಡು ಒಯ್ಯಲು ಬಂದಿದ್ದರು, ಅಚ್ಚು ಇನ್ನೂ ಬಾಕಿ. ಮರುದಿನ ಬೆಳಿಗ್ಗೆ ಮೊದಲ ಕಾರ್ಡು ದೇವರ ಮುಂದಿಟ್ಟು ಪೂಜೆ, ಬೀಗರೂ ಬರುತ್ತಾರೆ. ದೇವರಿಗೆ ಕೊಡದೆ ಒಬ್ಬರನ್ನೂ ಕರೆಯುವಂತಿಲ್ಲ.

"ಮೇಡಂ, ಸ್ವಲ್ಪ ಟೆಕ್ನಿಕಲ್ ಪ್ರಾಬ್ಲಮ್ಮು," ಅಂದೆ.

"ಪ್ರಾಬ್ಲಮ್ ಕಂಪ್ಯೂಟರ್‌ದಲ್ಲ, ನಿಮ್ದು. ಇಮೇಜ್ ತೆಗೆಯೋಕ್ ಮುಂಚೆ ಆ ಮಷಿನ್ನಿನ ಡ್ರೈವರ್ ಎಲ್ಲ ಕಳಚಿದ್ರಾ?"

ಡ್ರೈವರ್ ಅಂದರೆ ಆಯಾ ಮಷಿನ್ನಿನ ಒಳಗಿನ ಸಾಮಾನನ್ನು ನಡೆಸುವ ಸಾಫ್ಟ್‌ವೇರು, ಅದನ್ನು ನಾನು ಮುಟ್ಟೇ ಇರಲಿಲ್ಲ. ಪಾಲಿಟೆಕ್ನಿಕ್ಕಿನ ಕಂಪ್ಯೂಟರ್ ಲ್ಯಾಬ್ ನೋಡಿಕೊಂಡು ರಿಟೈರ್ ಆದವರಂತೆ! (ಹಿಂದಿನ ವಾರ ಪಿಡಿಎಫ್ ತೆರೆಯುವುದು ಹೇಗೆಂದು ಅವರಿಗೆ ಪಾಠ ಮಾಡಿದ್ದೆ. ಪಾಪ, ಸುಮ್ಮನೆ ಕೇಳಿಸಿಕೊಂಡಿದ್ದರು.)

"ನಿಮ್ ಕನ್ನಡಕ ನಾನ್ ಹಾಕ್ಕೊಂಡ್ರೆ ನಂಗೆ ಕಣ್ ಕಾಣುತ್ತೇನ್ರೀ? ಏಳಿ, ಜಾಗ ಬಿಡಿ."

ಸೆರಗು ಸಿಕ್ಕಿಸಿ ಕೂತರು. ಹೊಸ ಮಷಿನ್ನಿಗಷ್ಟೇ ಸಂಬಂಧಪಟ್ಟ ಡ್ರೈವರು, ಗುರುತು ಎಲ್ಲ ಕಳಚಿದರು. ಹಳೆಯ ಮೂರಕ್ಕೂ ಬೇಕಾದ ಡ್ರೈವರುಗಳನ್ನು ಸೇರಿಸಿ ಮತ್ತೆ ಇಮೇಜ್ ತೆಗೆದರು. ಎದ್ದ ಮೇಲೆ ಯಾವುದಕ್ಕೆ ಯಾವುದು ಬೇಕೋ ಅದೇ ಆರಿಸಿಕೊಳ್ಳಲಿ ಅಂತ. ಸಂಜೆಯೊಳಗೆ ಪ್ರಿಂಟರಿನ ಮಷಿನ್ ಎದ್ದಿತು. ಕಾರ್ಡೂ ಅಚ್ಚಾಗಿ ಬಂತು, ಒತ್ತಕ್ಷರಗಳೆಲ್ಲ ತಮ್ಮ ತಮ್ಮ ಜಾಗದಲ್ಲಿ. ನನಗೆ ಅಳು ಬರುವುದೊಂದು ಬಾಕಿ.

ಮನೆಯಲ್ಲೂ ನಾವು ಮಾಡುವುದು ಇದನ್ನೇ ಅಲ್ಲವೇ? ದೊಡ್ಡ ಮಗಳಿಗೆ ಒಗ್ಗಿದ ಟ್ಯೂಷನ್ನನ್ನು ಚಿಕ್ಕವಳ ಮೇಲೂ ಸುರಿಯುತ್ತೇವೆ. ಆಮೇಲೆ ಅವಳೇ ದಡ್ಡಿ ಅನ್ನುತ್ತೇವೆ.

ಮರುದಿನ ಪೂಜೆ ಮುಗಿಸಿ ಶಾರದಮ್ಮ ಮತ್ತೆ ಬಂದರು. ಮೂಲೆಗೆ ಅರಿಶಿನ ಹಚ್ಚಿದ ಕಾರ್ಡು, ಮೇಲೆ ನನ್ನ ಹೆಸರು.

"ಮನೆಯವ್ರೆಲ್ಲ ಬರ್ಬೇಕು. ಆ ಕಂಪ್ಯೂಟರ್ ಮುಟ್ಬೇಡಿ ಮಾತ್ರ."

ಇಪ್ಪತ್ತು ವರ್ಷದಿಂದ ಊರಿಗೆಲ್ಲ ಕಾರ್ಡು ಅಚ್ಚು ಹಾಕುತ್ತಿದ್ದೇನೆ. ಅಚ್ಚು ಹಾಕಿದವನನ್ನೂ ಮದುವೆಗೆ ಕರೆದವರು ಇವರೇ ಮೊದಲು.