ನೋವು ಕೊಡು ಎಂದು ರಾಮನನ್ನು ಬೇಡಿದೆ

ಮಕ್ಕಳೇ, ನಿಮ್ಮ ಅಜ್ಜನ ಬಲಗಾಲು ಉಳಿಯುವುದು ಕಷ್ಟ ಎಂದು ಔರಂಗಾಬಾದಿನ ಡಾಕ್ಟರರು ಹೇಳಿದಾಗ ನಿಮ್ಮ ಅಪ್ಪ ಏಳನೆಯ ತರಗತಿಯಲ್ಲಿದ್ದ. ಎಂಬತ್ತರ ದಶಕ ಮುಗಿಯುತ್ತ ಬಂದಿತ್ತು. ನೀವು ಈಗ ಸಂಭಾಜಿನಗರ ಎನ್ನುವ ಊರೇ ಅದು. ರಾಮನನ್ನು ನಂಬಿದವರು ಯಾರಾದರೂ ಓದಲಿ ಎಂದು ಬರೆಯುತ್ತಿದ್ದೇನೆ. ನಾಲ್ಕು ಜನರೆದುರು ನಿಂತು ಹೇಳುವುದು ನನ್ನಿಂದಾಗದು.

ಅಜ್ಜನಿಗೆ ಕೇಂದ್ರ ಸರಕಾರದ ಕಚೇರಿಯಲ್ಲಿ ಕೆಲಸ. ಬಾಗಲಕೋಟೆಯಿಂದ ನಾಶಿಕಕ್ಕೆ ವರ್ಗವಾಗಿ, ಪಂಚವಟಿಯಲ್ಲಿ ಬಾಡಿಗೆಗೆ ಇದ್ದೆವು. ಆ ವರ್ಷದ ರಾಮನವಮಿಯಂದು ನಡುಮಧ್ಯಾಹ್ನ ಅವರು ರಾಮನ ಗುಡಿಯ ಅಂಗಳದಲ್ಲಿ ಪ್ರದಕ್ಷಿಣೆ ಹಾಕಿದರು. ಹಾಸುಗಲ್ಲು ಕಾದ ಹಂಚಿನಂತಿತ್ತು. ನಾವೆಲ್ಲ ನೆರಳಿನಿಂದ ನೆರಳಿಗೆ ಓಡುತ್ತಿದ್ದರೆ ಅವರು ಮಾತ್ರ ಕೈಮುಗಿದುಕೊಂಡು, ಹೊಳೆಯ ಮರಳಿನ ಮೇಲೆ ನಡೆದ ಹಾಗೆ ನಿಧಾನವಾಗಿ ನಡೆದರು. ಪಕ್ಕದ ಮನೆಯ ಮರಾಠಿ ಮುದುಕಿ ಅವರ ಕಾಲು ಮುಟ್ಟಿ, "ರಾಮಾಚೀ ಕೃಪಾ" ಎಂದಳು. ನನಗೂ ಹಾಗೆಯೇ ಅನ್ನಿಸಿ ಎದೆ ತುಂಬಿ ಬಂತು.

ಸಂಜೆ ನೋಡಿದರೆ ಬಲಗಾಲಿನ ಹಿಮ್ಮಡಿಯಲ್ಲಿ ಹಪ್ಪಳದಂತೆ ಉಬ್ಬಿದ ಬೊಬ್ಬೆ.

"ನೋವೇನಿಲ್ಲ ಬಿಡು. ಅವನ ಹೆಸರು ತಗೊಂಡು ನಡದೀನಿ, ಅವನ ನೋಡ್ಕೋತಾನ" ಎಂದರು.

ಅರಿಶಿನ ಹಚ್ಚಿದೆವು. ನೋವಿಲ್ಲದ್ದರಿಂದ ಅವರು ಕಚೇರಿಗೂ ಹೋಗುತ್ತಿದ್ದರು. ಬೊಬ್ಬೆ ಒಡೆಯಿತು, ಹಿಮ್ಮಡಿ ಕಪ್ಪಾಯಿತು, ಜ್ವರ ಬಂತು. ಔರಂಗಾಬಾದಿನಲ್ಲಿ ನನ್ನ ನಾದಿನಿ ಕಮಲಾಳ ಮನೆ ದೊಡ್ಡ ಆಸ್ಪತ್ರೆಗೆ ಹತ್ತಿರವಿತ್ತು. ಎಸ್‌.ಟಿ. ಬಸ್ಸಿನಲ್ಲಿ ಅವರ ಕಾಲನ್ನು ನನ್ನ ತೊಡೆಯ ಮೇಲಿಟ್ಟುಕೊಂಡು ಹೊರಟೆ. ನಡುದಾರಿಯ ಯೇವಲೆ ದಾಟುವಷ್ಟರಲ್ಲಿ ವಾಸನೆಗೆ ಮುಂದಿನ ಸೀಟಿನವರು ಎದ್ದು ಹೋಗಿ ನಿಂತುಕೊಂಡರು.

ರಕ್ತದಲ್ಲಿ ಸಕ್ಕರೆ ಬಹಳವಿದೆ, ಕಪ್ಪು ಮೇಲೇರಿದರೆ ಕಾಲು ತೆಗೆಯಬೇಕಾದೀತು ಎಂದರು ಡಾಕ್ಟರು. ಡ್ರೆಸಿಂಗ್ ಮಾಡುತ್ತಿದ್ದವಳು ಗಡಿಯ ಉದಗೀರ ಕಡೆಯ ಶಾಂತಾ ಸಿಸ್ಟರ್. ಅವಳಿಗೆ ಕನ್ನಡ ಬರುತ್ತಿತ್ತು. ಮೊದಲ ದಿನ ನಾನು ಸೆರಗು ಮೂಗಿಗೆ ಹಿಡಿದು ಗೋಡೆ ನೋಡುತ್ತ ನಿಂತಿದ್ದೆ.

"ಕಾಕು, ಗ್ವಾಡ್ಯಾಗ ಏನದರಿ? ಇಲ್ಲೆ ನೋಡ್ರಿ. ನಾಳೆ ಮನ್ಯಾಗ ಇದನ್ನ ನೋಡ್ಕೊಳ್ಳಾಕಿ ನೀವ."

ನೋಡಿದೆ. ಅಂಟಿಕೊಂಡ ಬಟ್ಟೆಯನ್ನು ಅವಳು ಎಳೆಯಲಿಲ್ಲ. ಉಪ್ಪುನೀರಿನ ಬಾಟಲಿಯಿಂದ ತೋಯಿಸಿ, ಅದು ತಾನಾಗಿ ಬಿಡುವ ತನಕ ಕಾದಳು. ಆಮೇಲೆ ಕತ್ತರಿಯಿಂದ ಸತ್ತ ಚರ್ಮವನ್ನು ಕತ್ತರಿಸತೊಡಗಿದಳು. ಈಗ ಕೂಗುತ್ತಾರೆ ಎಂದು ನಾನು ಕಣ್ಣು ಮುಚ್ಚಿದೆ. ಅಜ್ಜ ಕೇಳಿದ್ದು, "ಕಮಲಾ ಇವತ್ತ ಏನ್ ಪಲ್ಯ ಮಾಡ್ಯಾಳ?"

ನನ್ನ ಸಂಕೋಚವನ್ನೂ ಮೀರಿ ಬಾಯಿ ಬಿಟ್ಟೆ. "ಸಿಸ್ಟರ್, ಇಷ್ಟು ಕತ್ತರಿಸಿದ್ರೂ ಇವರಿಗೆ ಯಾಕ ನೋಯೂದಿಲ್ಲರಿ?"

ಅವಳು ಅಜ್ಜನ ಕಣ್ಣು ಮುಚ್ಚಿಸಿ, ಗಾಯವಿಲ್ಲದ ಕಾಲಿನ ಹೆಬ್ಬೆರಳನ್ನು ಒತ್ತಲು ನನಗೆ ಸನ್ನೆ ಮಾಡಿದಳು. "ಕಾಕಾ, ಮುಟ್ಟಿದ ಕೂಡ್ಲೆ ಹೇಳ್ರಿ."

ಉಗುರು ಊರುವಷ್ಟು ಒತ್ತಿದೆ. ಅವರು ಕಾಯುತ್ತ ಮಲಗಿದ್ದರು. ಕೊನೆಗೆ, "ಮುಟ್ಟು ಮತ್ತ, ಎಷ್ಟೊತ್ತು?" ಎಂದರು.

ಸಕ್ಕರೆಯಿಂದ ನರಗಳು ಮಂದವಾಗಿವೆ, ಸುಟ್ಟರೂ ಸುದ್ದಿ ತಲೆಗೆ ಮುಟ್ಟುವುದಿಲ್ಲ, ಸುದ್ದಿಯಿಲ್ಲದೆ ಕಾಲು ಹಿಂದೆ ಸರಿಯುವುದಿಲ್ಲ ಎಂದು ಸಿಸ್ಟರ್ ತಿಳಿಸಿ ಹೇಳಿದಳು. ಹಾಗಾದರೆ ಗುಡಿಯಲ್ಲಿ ನಾವು ಕೈಮುಗಿದದ್ದು ಕೃಪೆಗಲ್ಲ, ರೋಗಕ್ಕೆ. ಇಷ್ಟು ದಿನ ನೋವಾಗದಿರಲಿ ಎಂದೇ ಬೇಡಿದವಳು ಇನ್ನು ಏನು ಬೇಡಲಿ? ಅಂದು ಸಂಜೆ ಕಮಲಾಳ ಮನೆಯ ದೇವರ ಮುಂದೆ ಕುಳಿತು, "ರಾಮಾ, ಅವರ ಕಾಲಿಗೆ ನೋವು ಕೊಡು" ಎಂದೆ.

ಹಿಂದೆ ನಿಂತಿದ್ದ ಕಮಲಾ ಕೇಳಿಸಿಕೊಂಡಳು. "ಏನ್ರಿ ವೈನಿ, ಗಂಡಗ ನೋವಾಗಲಿ ಅಂತ ಬೇಡಾಕಿನ್ನ ಇವತ್ತ ನೋಡಿದೆ. ಅಂಥಾದ್ದೇನ್ ಮಾಡ್ಯಾನ ನಮ್ಮಣ್ಣ?" ಆ ದುಃಖದಲ್ಲೂ ನಗು ಬಂತು.

ಸಕ್ಕರೆಗೆ ಒಂದು, ನರಗಳಿಗೆ ಒಂದು ಇಂಜೆಕ್ಷನ್ ನಡೆದವು. ಮಡಿಚಿದ ಚಾದರ ಕಾಲಿನ ಕೆಳಗಿಟ್ಟು, ಹಿಮ್ಮಡಿ ಹಾಸಿಗೆಗೆ ತಾಗದಂತೆ ಎತ್ತಿಡುತ್ತಿದ್ದೆವು. ಒಂದು ಹೆಜ್ಜೆಯನ್ನೂ ಊರಗೊಡಲಿಲ್ಲ. ದಿನವೂ ಬೆಳಿಗ್ಗೆ ಬಟ್ಟೆ ಬಿಚ್ಚುವುದನ್ನು ನಾನೀಗ ಕಾಯುತ್ತಿದ್ದೆ. ಹಳದಿ ಲೋಳೆ ಹೋಗಿ ದಾಳಿಂಬೆ ಕಾಳಿನಂಥ ಕೆಂಪು ಮಾಂಸ ಕಂಡಿತು. ಅಂಚಿನಿಂದ ತೆಳುವಾದ ಹೊಸ ಚರ್ಮ, ಹಾಲಿನ ಕೆನೆಯ ಹಾಗೆ, ಒಳಗೊಳಗೆ ಸರಿಯುತ್ತಿತ್ತು. ಕೆನೆ ಕಟ್ಟುವುದನ್ನು ಎಷ್ಟು ದಿಟ್ಟಿಸಿದರೂ ಕಟ್ಟುವ ಗಳಿಗೆ ಕಾಣುವುದಿಲ್ಲವಲ್ಲ, ಇದೂ ಹಾಗೆಯೇ. ಆದರೆ ಹಿಮ್ಮಡಿಯ ಒಂದು ಕಡೆ ಕಪ್ಪು ಇನ್ನೂ ಇತ್ತು. ಅದನ್ನು ನೋಡಿ ಕಾಲಿನ ವಿಚಾರ ತೀರ್ಮಾನಿಸುತ್ತೇವೆ ಎಂದು ದೊಡ್ಡ ಡಾಕ್ಟರು ಹೇಳಿದ್ದ ದಿನ ಬಂತು.

ಆ ಬೆಳಿಗ್ಗೆ ಸಿಸ್ಟರ್ ಅಂಚನ್ನು ಒರೆಸುತ್ತಿದ್ದಂತೆ ಅಜ್ಜ ಕಾಲನ್ನು ತಟ್ಟನೆ ಎಳೆದುಕೊಂಡರು. ಟ್ರೇ ಉರುಳಿತು.

"ಏ, ಮೆಲ್ಲಕ. ಉರೀತದ."

ಸಿಸ್ಟರ್ ಕೈ ನಿಲ್ಲಿಸಿದಳು. "ಏನಂದ್ರಿ ಕಾಕಾ? ಇನ್ನೊಮ್ಮೆ ಬೈರಿ."

"ಉರೀತದ ಅಂದೆ. ಕಿವಿ ಕೇಳಸೂದಿಲ್ಲೇನು?"

ನಾನು ಅಳತೊಡಗಿದೆ. "ನೋವು ನನಗ, ಇವಳ್ಯಾಕ ಅಳತಾಳ?" ಎಂದು ಅವರು ಸಿಡುಕಿದರು.

ಡಾಕ್ಟರು ಬಂದು ಸೂಜಿಯಿಂದ ಅಲ್ಲಲ್ಲಿ ಚುಚ್ಚಿ ನೋಡಿದರು. ನರಗಳು ಪೂರ್ತಿ ಅಲ್ಲದಿದ್ದರೂ ಸ್ವಲ್ಪ ಎಚ್ಚೆತ್ತಿವೆ, ಕಪ್ಪು ಹಬ್ಬುವುದು ನಿಂತಿದೆ, ಕಾಲು ತೆಗೆಯುವುದು ಬೇಡ ಎಂದರು.

ಇಂಜೆಕ್ಷನ್ನಿನಿಂದ ಗುಣವಾಯಿತು ಎಂದು ನಿಮ್ಮ ಅಪ್ಪ ಹೇಳುತ್ತಾನೆ. ಹೌದು. ಶಾಂತಾ ಸಿಸ್ಟರ್ ಕೈಯಿಂದಲೂ ಆಯಿತು. ಆದರೆ ಏನು ಬೇಡಬೇಕೆಂದು ತಿಳಿಯದೆ ಕುಳಿತವಳ ಬಾಯಿಂದ ಅಂದು ಆ ಮಾತು ಹೊರಡಿಸಿದವನು ರಾಮನೇ. ಅಂದಿನಿಂದ ಅವನ ಮುಂದೆ ಏನನ್ನು ಕೇಳಲೂ ನನಗೆ ಅಂಜಿಕೆಯಿಲ್ಲ.

ಮೆತ್ತನೆಯ ಚಪ್ಪಲಿ ಹಾಕಿಸಿ ಅವರನ್ನು ನಾಶಿಕಕ್ಕೆ ಕರೆತಂದೆ. ಬಸ್ಸಿನಿಂದ ಇಳಿದು ನಾಲ್ಕು ಹೆಜ್ಜೆ ನಡೆಯುವುದರೊಳಗೆ ಗೊಣಗಾಟ ಶುರುವಾಯಿತು. "ಏನೋ ಚುಚ್ಚತದ."

"ಎಲ್ಲೆರಿ? ತೋರಸ್ರಿ."

ಕಟ್ಟೆಯ ಮೇಲೆ ಕುಳಿತು ಬೆರಳಿಟ್ಟು ತೋರಿಸಿದರು. ಚಪ್ಪಲಿ ಬಿಚ್ಚಿದೆ. ಅವರು ತೋರಿಸಿದ ಜಾಗದಲ್ಲೇ ಜೋಳದ ಕಾಳಿನಷ್ಟು ಸಣ್ಣ ಹರಳೊಂದು ಇತ್ತು. ಬಸ್ ಸ್ಟ್ಯಾಂಡಿನ ಅಷ್ಟು ಜನರ ನಡುವೆ, ನಾಚಿಕೆ ಬಿಟ್ಟು, ಎರಡೂ ಕೈ ಎತ್ತಿ ರಾಮನಿಗೆ ಮುಗಿದೆ.