ಕುರಿ ಕರೆದ ತಪ್ಪಿಗೆ ಹಾಳುಗುಡಿಯಲ್ಲಿ ಮೂರು ದಿನ

ಜಮಖಂಡಿಯಲ್ಲಿ ನಮ್ಮ ಮಿಷನ್ನಿನ ಕಣ್ಣಿನ ಶಿಬಿರ ನಡೆದಿತ್ತು. ರೋಗಿಗಳ ಹೆಸರು ಕೂಗುವುದು ನನ್ನ ಕೆಲಸ. ಒಂದು ಹೆಸರನ್ನು ಡಾಕ್ಟರರ ದನಿಯಲ್ಲಿ ಕೂಗಿದರೆ ಇನ್ನೊಂದನ್ನು ಬಸ್ ಕಂಡಕ್ಟರನ ದನಿಯಲ್ಲಿ. ಕಡೆಯ ಆಪರೇಷನ್ನುಗಳ ಹಿಂದಿನ ದಿನ ಬಿಡುವು ಸಿಕ್ಕಿತು. "ಹಳೆಯ ದೇವಸ್ಥಾನ ಉಂಟಂತಲ್ಲ, ತೋರಿಸು ಮಾರಾಯ" ಎಂದರು ನಮ್ಮ ಹಿರಿಯ ನರ್ಸ್, ಮಂಗಳೂರು ಕಡೆಯ ಸಿಸ್ಟರ್ ಲೂಸಿ. ನಾನು ಪಕ್ಕದ ರಬಕವಿಯವ, ಆದರೂ ಆ ಗುಡಿ ನೋಡಿರಲಿಲ್ಲ. ಅದನ್ನು ಹೇಳದೆ ಗೈಡಿನ ಠೀವಿಯಲ್ಲಿ ಹೊರಟೆ.

ಬೀಳಗಿ ಬಸ್ಸಿನಲ್ಲಿ ಸಿಸ್ಟರ್‌ಗೆ ಶೂನ್ಯ ಟಿಕೆಟ್, ಗಂಡಸಾದ ತಪ್ಪಿಗೆ ನನಗೆ ಪೂರ್ತಿ. ಇಳಿದ ಮೇಲೆ ಕಬ್ಬಿನ ಹೊಲಗಳ ನಡುವೆ ಎರಡು ಕಿಲೋಮೀಟರ್ ನಡಿಗೆ. ಫೆಬ್ರವರಿಯ ಬಿಸಿಲು ಆಗಲೇ ಚುರುಗುಟ್ಟುತ್ತಿತ್ತು.

ಗುಡಿ ಕಂಡೊಡನೆ ನನ್ನ ಬಾಯಿ ತಾನಾಗಿ ಮುಚ್ಚಿತು. ಸಿಸ್ಟರ್ ಗಾಬರಿಯಾದರು. ಶಿಖರವಿಲ್ಲ, ಒಂದು ಕಡೆಯ ಗೋಡೆಯೂ ಇಲ್ಲ. ಆದರೆ ಉಳಿದ ಕಂಬಗಳು ಕುಂಬಾರನ ತಿಗರಿಯ ಮೇಲೆ ತಿರುವಿದಷ್ಟು ನುಣುಪು. ಆ ಬಿಸಿಲಲ್ಲೂ ಮುಟ್ಟಿದರೆ ತಣ್ಣಗೆ. ಬಾಗಿಲ ಚೌಕಟ್ಟಿನ ಬಳ್ಳಿಯೋ, ನಮ್ಮಪ್ಪ ಮಗ್ಗದಲ್ಲಿ ನೇಯುವ ಸೆರಗಿಗಿಂತ ನಾಜೂಕು. ಇದನ್ನು ಅಪ್ಪ ಓದಬಾರದು.

ಕಂಬದ ನೆರಳಲ್ಲಿ ಕಂಬಳಿ ಹಾಸಿ ಕೂತಿದ್ದ ಕುರಿಗಾಹಿ ಬೀರಪ್ಪ ಮುತ್ಯಾ ಎದ್ದು ಬಂದ. ಕಲ್ಲಿನ ನರ್ತಕಿಯ ತುಟಿಯ ಮೇಲೆ ಬೆರಳಾಡಿಸಿ, "ನಗತಾಳ ನೋಡ್ರಿ ಅಕ್ಕಾರ. ಸಣ್ಣಾಂವಿದ್ದಾಗ ಕಣ್ಲೆ ನೋಡಿದ್ದೆ. ಈಗ ಇಕಿನೂ ನೆರಳು, ನೀವಿಬ್ಬರೂ ನೆರಳು" ಎಂದ.

ಸಿಸ್ಟರ್ ನರ್ತಕಿಯನ್ನು ಬಿಟ್ಟು ಅವನ ಕಣ್ಣು ನೋಡಿದರು. "ಪೊರೆ ಬಂದುಂಟು ಅಜ್ಜ. ಇವತ್ತೇ ನಮ್ಮೊಟ್ಟಿಗೆ ಬನ್ನಿ. ನಾಳೆ ಕಡೇ ದಿನ."

"ಆಗೂದಿಲ್ರಿ. ಮಗ ಊರಾಗಿಲ್ಲ, ನಾಡದ ಬರ್ತಾನ. ಮನ್ಯಾಗ ಮುದಿಕಿಗೆ ಕಾಲ್ನೋವು, ಅಡ್ಯಾಡಾಕ ಆಗೂದಿಲ್ಲ. ಕುರಿ ನನ್ನ ದನಿ ಬಿಟ್ಟು ಯಾರದೂ ಕೇಳೂದಿಲ್ಲ." ಖರೆ ಎಂದು ತೋರಿಸಲು, "ಹುರ್ರ್ರಾ... ಹೋಯ್!" ಎಂದು ಕೂಗಿ ಕೆಮ್ಮಿದ. ಹೊರಗೆ ಮೇಯುತ್ತಿದ್ದ ನಲವತ್ತು ತಲೆಗಳು ಎದ್ದವು.

ನನ್ನ ಗಂಟಲು ತುರಿಸಿತು. ಗರ್ಭಗುಡಿಯ ಬಾಗಿಲಲ್ಲಿ ನಿಂತು ಅದೇ ಕೂಗು ಕೂಗಿದೆ, ಕೆಮ್ಮಿನ ಸಮೇತ. ಹಿಂಡು ಒಳಗೆ ನುಗ್ಗಿ ನನ್ನನ್ನು ಕಂಬಕ್ಕೆ ಒತ್ತಿ ನಿಲ್ಲಿಸಿತು. ನಕ್ಕವನು ನಾನೊಬ್ಬನೇ.

"ತಮ್ಮಾ," ಎಂದ ಮುತ್ಯಾ ಮೆಲ್ಲಗೆ, "ನಿನ್ನ ಮಾತು ಕೇಳ್ತಾವಲ್ಲೋ. ನಾ ಬರೂತನಕ ಮೇಸ್ತೀಯೇನು?"

"ಮೇಸ್ತಾನೆ" ಎಂದರು ಸಿಸ್ಟರ್. ಎಲ್ಲರ ದನಿಯಲ್ಲಿ ಮಾತಾಡುವ ನನ್ನ ಪರವಾಗಿ ಅವತ್ತು ಅವರು ಮಾತಾಡಿದರು.

ಸಂಜೆಯ ಬಸ್ಸಿಗೆ ಅವರಿಬ್ಬರು ಹೋದರು. ನಾನು ಕುರಿಗಳನ್ನು ಮುತ್ಯಾನ ಹಟ್ಟಿಗೆ ಹೊಡೆದುಕೊಂಡು ಹೋದೆ. ಅವನ ಮುದುಕಿ ಕೂತಲ್ಲಿಂದಲೇ ನನಗೆ ರೊಟ್ಟಿ, ಶೇಂಗಾ ಚಟ್ನಿ ಕೊಟ್ಟಳು. ಮರುದಿನವೆಲ್ಲ ಕುರಿ ನನ್ನ ಮಾತು ಕೇಳಿದವು. ಕೆಮ್ಮು ಮರೆತರೆ ಮಾತ್ರ ಒಂದೂ ತಿರುಗಿ ನೋಡುತ್ತಿರಲಿಲ್ಲ. ಮಧ್ಯಾಹ್ನ ಅವು ನೆರಳಲ್ಲಿ ಮಲಗಿದಾಗ ಗುಡಿಯ ಕಲ್ಲು ಕಲ್ಲನ್ನೂ ನೋಡಿದೆ. ಒಂದು ಹೂವಿನಂತೆ ಇನ್ನೊಂದು ಹೂವಿಲ್ಲ. ಆ ಶಿಲ್ಪಿ ಯಾರ ನಕಲನ್ನೂ ಮಾಡಿದವನಲ್ಲ, ತನ್ನದನ್ನೂ ಕೂಡ.

ಮೂರನೇ ದಿನ ಮಗ ಬಂದು ಕೋಲು ಇಸಕೊಂಡ. ಹಿಂದೆಯೇ ಕಪ್ಪು ಕನ್ನಡಕದ ಮುತ್ಯಾ. "ಧೂಳಿಗೆ ಹೋಗ್ಬೇಡಿ ಅಜ್ಜ!" ಎಂದು ಸಿಸ್ಟರ್ ಕೂಗುತ್ತಿದ್ದರೂ ಸೀದಾ ನರ್ತಕಿಯ ಮುಂದೆ ಹೋಗಿ ನಿಂತ. ಈ ಸಲ ಕೈ ಎತ್ತಲಿಲ್ಲ.

"ಇನ್ನೂ ನಗಾಕತ್ತಾಳಲ್ಲ!" ಎಂದ. ಬಹಳ ಹೊತ್ತು ನೋಡಿದ. ಆಮೇಲೆ ಹೊರಳಿ ಮೊದಲ ಸಲ ನನ್ನ ಮೋರೆಯನ್ನು ಮೇಲಿಂದ ಕೆಳಗೆ ದಿಟ್ಟಿಸಿದ.

"ಹಾಂ," ಎಂದ, "ಯಾಕ ನಗತಾಳಂತ ಈಗ ತಿಳೀತು."