ಚಿಮಣಿ ಇಲ್ಲದ ಬೀದಿ

ಕುಕ್ಕರಿಗೆ ಅಕ್ಕಿ ಇಡಬೇಕು. ನೆನೆಸಿಟ್ಟ ಹೆಸರುಕಾಳು ಬೇಯಬೇಕು. ಗಂಡನ ಡಬ್ಬಿ ತುಂಬಿ, ಅತ್ತೆಯ ತಟ್ಟೆಗೆ ಮುಚ್ಚಳ ಮುಚ್ಚಬೇಕು. ಬೆಳಗಿನ ಮಾತ್ರೆ ಒಂದು ಬಟ್ಟಲಲ್ಲಿ, ಮಧ್ಯಾಹ್ನದ್ದು ಇನ್ನೊಂದರಲ್ಲಿ. ನಿನ್ನೆ ನೆಲಮಾಳಿಗೆಯ ಲಾಂಡ್ರಿಯಲ್ಲಿ ಒಗೆದು ತಂದ ಬಟ್ಟೆ ಮಡಚಬೇಕು. ಇಷ್ಟಾದ ಮೇಲೆ ವೈದೇಹಿ ಕತ್ತಲಲ್ಲೇ ಹೊರಟು ಇನ್ನೊಂದು ಅಡುಗೆಮನೆಗೆ ಹೋಗಬೇಕು. ಅಲ್ಲಿ ಸಂಬಳ ಕೊಡುತ್ತಾರೆ.

ಆ ಅಡುಗೆಮನೆ ಇರುವುದು ಈ ಚಳಿದೇಶದ ಬುರೋಸ್ ಊರಿನ ಹಳೆಯ ಬಟ್ಟೆ ಮಿಲ್ಲೊಂದರಲ್ಲಿ. ಮಗ್ಗಗಳಿದ್ದ ಕಡೆ ಈಗ ಕಚೇರಿಗಳು, ಕೆಳಗೆ ಕ್ಯಾಂಟೀನು. ಆ ಬೀದಿಯಲ್ಲಿ ಯಾವುದೂ ಮೊದಲಿನ ಕೆಲಸ ಮಾಡುತ್ತಿಲ್ಲ. ಬಣ್ಣ ಹಾಕುವ ಶೆಡ್ಡು ಜಿಮ್ ಆಗಿದೆ, ಗೋದಾಮಿನಲ್ಲಿ ದುಬಾರಿ ಫ್ಲಾಟುಗಳು. ಗಂಡ ಮಧುಸೂದನ್ ನೂಲಿನ ಮೇಲೆ ಸಂಶೋಧನೆ ಮಾಡುವ ಲ್ಯಾಬು ಕೂಡ ಹಳೆಯ ಮಿಲ್ಲೇ.

ಅವನ ತಾಯಿ ಶಾರದಾಗೆ ಈ ಊರು ಹಿಡಿಸಿದ್ದು ಅದಕ್ಕೇ. ಆಕೆ ದಾವಣಗೆರೆಯ ಕಾಟನ್ ಮಿಲ್ಲಿನಲ್ಲಿ ನೂಲು ಸುತ್ತಿ ಮಗನನ್ನು ಓದಿಸಿದವಳು. ಈಚೆಗೆ ಮರೆವು ಹತ್ತಿದೆ. ಒಲೆಯ ಮೇಲೆ ಹಾಲಿಟ್ಟದ್ದು ಮರೆಯುತ್ತದೆ, ಸೊಸೆಯ ಹೆಸರೂ ಒಮ್ಮೊಮ್ಮೆ ಸಿಗುವುದಿಲ್ಲ. ಆದರೆ ದಿನಾ ಮಧ್ಯಾಹ್ನ ಹೊಳೆಯ ದಂಡೆಗೆ ಒಬ್ಬಳೇ ಹೋಗಿ ಬರುವುದನ್ನು ಬಿಟ್ಟಿರಲಿಲ್ಲ. ವೈದೇಹಿ ಹೇಳಿಕೊಟ್ಟಿದ್ದ ಗುರುತು ಒಂದೇ.

"ಅತ್ತೆ, ಬೀದಿ ಹೆಸರೆಲ್ಲ ನೆನಪಿಟ್ಕೋಬೇಡಿ. ವಾಪಸ್ ಬರೋವಾಗ ಹಳೇ ಮಿಲ್ಲಿನ ಚಿಮಣಿ ನೋಡ್ಕೊಂಡು ಬನ್ನಿ. ಅದರ ಬುಡದಲ್ಲೇ ನಮ್ಮನೆ."

"ಅದನ್ನ ನನಗ್ ಹೇಳಿಕೊಡ್ತೀಯೇನವ್ವ? ಚಿಮಣಿ ನೋಡ್ಕೊಂಡೇ ಹುಟ್ಟಿದವಳು ನಾನು."

ಡಿಸೆಂಬರಿನಲ್ಲಿ ಫ್ಲಾಟು ಕಟ್ಟುವವರು ಆ ಚಿಮಣಿಯನ್ನು ಇಟ್ಟಿಗೆ ಇಟ್ಟಿಗೆಯಾಗಿ ಬಿಚ್ಚಿದರು. ಕೊನೆಯ ತುಂಡು ಇಳಿಸಿದ ದಿನವೂ ಶಾರದಾ ಹೊಳೆಗೆ ಹೋಗಿದ್ದಳು. ತಿರುಗಿ ನೋಡಿದರೆ ಮನೆಯ ಕಡೆ ಬರೀ ಆಕಾಶ. ಊರಾಚೆ ಮಾತ್ರ ಇನ್ನೊಂದು ಚಿಮಣಿ ಹೊಗೆಯಾಡುತ್ತಿತ್ತು, ಊರಿನ ಮನೆಗಳಿಗೆಲ್ಲ ಬಿಸಿನೀರು ಕಳಿಸುವ ಸ್ಥಾವರದ್ದು. ಹೊಗೆ ಬರುವ ಚಿಮಣಿ ಸುಳ್ಳು ಹೇಳುವುದಿಲ್ಲವೆಂದು ಆಕೆ ಅದರ ಕಡೆಗೇ ನಡೆದಳು. ಮಧ್ಯಾಹ್ನವೇ ಕತ್ತಲಾಗುವ ಕಾಲ. ಹೆದ್ದಾರಿಯ ಅಂಚಿನಲ್ಲಿ, ಹಿಮದಲ್ಲಿ ನೆನೆದ ಸೀರೆಯಲ್ಲಿ ನಿಂತಿದ್ದವಳನ್ನು ಬಸ್ಸಿನ ಡ್ರೈವರ್ ಹತ್ತಿಸಿಕೊಂಡ. ಆಕೆಯ ಕುತ್ತಿಗೆಗೆ ಕಟ್ಟಿ ಕಳಿಸುತ್ತಿದ್ದ ಚೀಟಿಯಲ್ಲಿದ್ದ ನಂಬರಿಗೆ ಫೋನ್ ಬಂದಾಗ ವೈದೇಹಿ ಕ್ಯಾಂಟೀನಿನಲ್ಲಿ ಪಾತ್ರೆ ತೊಳೆಯುತ್ತಿದ್ದಳು.

ಅವತ್ತೇ ಕ್ಯಾಂಟೀನಿನ ಮೇಲ್ವಿಚಾರಕಿ ಗುನಿಲ್ಲಾ ಕೆಲಸ ಖಾಯಂ ಮಾಡುವ ಮಾತಾಡಿದ್ದಳು. ಬೆಳಗಿನ ಪಾಳಿ, ವೈದೇಹಿಯದೇ ಜಾಗ. ನಾಳೆ ಬೆಳಿಗ್ಗೆ ಉತ್ತರ ಬೇಕು, ಇಲ್ಲವಾದರೆ ಬೇರೆಯವರು ಕಾಯುತ್ತಿದ್ದಾರೆ. ಎರಡು ವರ್ಷ ಬದಲಿ ಕೆಲಸ ಮಾಡಿ ಕಾದಿದ್ದ ಮಾತು ಅದು.

"ಚಿಮಣಿ ಕೆಡವ್ತಾರೆ ಅಂತ ಅಮ್ಮಂಗೆ ಹೇಳ್ಬಾರ್ದಿತ್ತಾ ನೀನು? ಕೆಳಗೆ ನೋಟಿಸ್ ಹಾಕಿದ್ರಲ್ಲ," ಎಂದ ಮಧುಸೂದನ್, ಊಟಕ್ಕೆ ಕೂತಾಗ.

"ನೀವೂ ಅದೇ ಬಾಗಿಲಲ್ಲೇ ಓಡಾಡೋದು."

"ಸುಮ್ನೆ ಕೇಳ್ದೆ, ಯಾಕೆ ಟೆನ್ಷನ್ ಮಾಡ್ಕೋತೀಯ? ನೋಡು, ಈ ಪರ್ಮನೆಂಟ್ ಎಲ್ಲ ಈಗ್ಲೇ ಬೇಡ. ಅಮ್ಮಂಗೆ ಇಲ್ಲಿನವರ ಥರ ಪರ್ಸನ್ ನಂಬರ್ ಇಲ್ಲ, ಊರಿನ ಕಮ್ಯೂನ್ ಆಫೀಸಿಂದ ಯಾರೂ ನೋಡ್ಕೊಳ್ಳೋಕೆ ಬರಲ್ಲ. ಸ್ವಲ್ಪ ದಿನ ಮನೇಲಿರು. ಇಲ್ಲಾಂದ್ರೆ ಹೊರಗಿಂದ ಲಾಕ್ ಮಾಡ್ಕೊಂಡು ಹೋಗು."

"ನೀವು ಒಂದು ಹೊತ್ತು ಮನೆಯಿಂದ ಕೆಲ್ಸ ಮಾಡ್ಬಹುದಲ್ಲ?"

"ಮಷೀನನ್ನ ಮನೆಗೆ ತರ್ಲಾ?" ಎಂದು ನಕ್ಕ. ವಾರದ ಅರ್ಧ ದಿನಗಳಲ್ಲಿ ಅವನು ಕೂರುವುದು ಮಷೀನಿನ ಮುಂದಲ್ಲ, ಲ್ಯಾಪ್‌ಟಾಪಿನ ಮುಂದೆ ಎಂಬುದು ಅವಳಿಗೆ ಗೊತ್ತಿತ್ತು.

ಶಾರದಾ ಅನ್ನ ಕಲಸುತ್ತ ತಲೆ ಎತ್ತಿದಳು. "ನನ್ ಮಾತೇ ಆಡ್ತಿದೀರಲ್ಲ? ಬೀಗ ಹಾಕ್ಕೊಂಡು ಹೋಗವ್ವ. ಮಿಲ್ಲಲ್ಲೂ ಸೈರನ್ ಆದ್ಮೇಲೆ ಗೇಟ್ ಹಾಕ್ತಿದ್ರು, ಪಾಳಿ ಮುಗಿಯೋ ತನಕ ಒಳಗೇ ಇರ್ತಿದ್ವಿ." ಒಂದು ತುತ್ತು ನುಂಗಿ ಸೇರಿಸಿದಳು: "ಅಲ್ಲಿ ಪಗಾರ ಕೊಡ್ತಿದ್ರು. ಅದೊಂದೇ ಫರಕು."

ತನ್ನ ಮಾತಿಗೆ ತಾನೇ ನಕ್ಕಳು. ಮಧುಸೂದನನಿಗೆ ನಿರಾಳವಾಯಿತು. "ನೋಡು, ಅಮ್ಮನೇ ಒಪ್ಕೊಂಡ್ರು," ಎಂದು ಕೈ ತೊಳೆಯಲು ಎದ್ದ. ತಟ್ಟೆ ಅಲ್ಲೇ ಇತ್ತು.

ಮರುದಿನ ಎಲ್ಲ ಕೆಲಸ ಮುಗಿಸಿ ವೈದೇಹಿ ಬಾಗಿಲ ಬಳಿ ಬೂಟು ಹಾಕಿಕೊಂಡಳು. ಅತ್ತೆ ಎಚ್ಚರವಾಗಿದ್ದಳು. ಹಾಸಿಗೆಯ ಮೇಲೆ ಕೂತು ಕೋಟಿನ ಗುಂಡಿ ಹಾಕುತ್ತ, ಬಿಚ್ಚುತ್ತ, ಮತ್ತೆ ಹಾಕುತ್ತ ಇದ್ದಳು. ಬೀಗ ಹಾಕಿದರೆ ಆ ಕೋಟು ಸಂಜೆಯವರೆಗೂ ಆಕೆಯ ಮೈಮೇಲೇ ಇರುತ್ತದೆ. ಹಾಕದಿದ್ದರೆ ಇನ್ನೊಮ್ಮೆ ಹೆದ್ದಾರಿ. ಕೆಲಸ ಬಿಟ್ಟರೆ ಎರಡೂ ಇಲ್ಲ, ಮತ್ತೆ ತನಗೂ ಏನೂ ಇಲ್ಲ.

ವೈದೇಹಿ ಬೂಟುಕಾಲಲ್ಲೇ ಮಲಗುವ ಕೋಣೆಗೆ ಹೋಗಿ ದೀಪ ಹಾಕಿದಳು. ಗಂಡನ ಭುಜ ಹಿಡಿದು ಅಲುಗಿಸಿದಳು.

"ಅತ್ತೆ ಎದ್ದಿದಾರೆ. ಬಾಗಿಲಿಗೆ ಬೀಗ ಹಾಕಲ್ಲ. ನಾನು ಹೊರಟೆ. ಕೇಳಿಸ್ತಾ?"

"ಹ್ಞೂಂ... ಏನೇ ಇದು, ಈ ಹೊತ್ತಲ್ಲಿ..." ಅವನು ಕಣ್ಣು ತೆರೆದು ಅವಳನ್ನು ನೋಡಿದ, ಆಮೇಲೆ ಹೊದಿಕೆ ಎಳೆದುಕೊಂಡ.

ಅವಳು ಬಾಗಿಲು ಎಳೆದುಕೊಂಡು ಮೆಟ್ಟಿಲಿಳಿದಳು. ರಸ್ತೆ ದಾಟಿ ಒಮ್ಮೆ ಮೇಲೆ ನೋಡಿದಳು. ಹಾಕಿ ಬಂದಿದ್ದ ದೀಪ ಆರಿತ್ತು. ಎದ್ದು ಆರಿಸಿದವನು ಎದ್ದೇ ಇರುವನೋ, ಮತ್ತೆ ಮಲಗಿದನೋ ತಿಳಿಯಲಿಲ್ಲ. ಮೈಯೆಲ್ಲ ಹಿಂದಕ್ಕೆ ಎಳೆಯಿತು. ವೈದೇಹಿ ಮಫ್ಲರ್ ಬಿಗಿದುಕೊಂಡು, ಗುನಿಲ್ಲಾಗೆ ಹ್ಞೂಂ ಎನ್ನಲು ಕ್ಯಾಂಟೀನಿನ ಕಡೆ ನಡೆದಳು.